ಅಪ್‌ಡೇಟ್ ನಿಂತುಹೋದ ಆಂಡ್ರಾಯ್ಡ್ ಫೋನು: ದೋಷ ಪತ್ತೆ ಮತ್ತು ನಿವಾರಣೆ

ತಯಾರಕರಿಂದ ಅಪ್‌ಡೇಟ್ ಬರುವುದು ನಿಂತು ಕೆಲವು ವರ್ಷ ಕಳೆದ ಫೋನಿನಲ್ಲಿ ದೋಷ ಹಿಡಿಯುವುದು ಕಷ್ಟ, ಏಕೆಂದರೆ ಮೇಲ್ನೋಟಕ್ಕೆ ಫೋನು ಚೆನ್ನಾಗಿಯೇ ಇರುತ್ತದೆ. ಕರೆ ಹೋಗುತ್ತದೆ, ಕ್ಯಾಮೆರಾ ತೆರೆಯುತ್ತದೆ, ಪರದೆಯಲ್ಲಿ ಒಂದು ಗೀರೂ ಇರುವುದಿಲ್ಲ. ಆದರೆ ಹಿಂದಿನ ವಾರದವರೆಗೆ ತೆರೆಯುತ್ತಿದ್ದ ಜಾಲತಾಣ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎನ್ನುತ್ತದೆ, ಬಿಲ್ಲು ಕಟ್ಟುವ ಆ್ಯಪ್ ಬಿಳಿ ಪರದೆ ತೋರಿಸಿ ಸುಮ್ಮನಾಗುತ್ತದೆ, ಪ್ಲೇ ಸ್ಟೋರ್ ‘ಈ ಆವೃತ್ತಿ ನಿಮ್ಮ ಸಾಧನಕ್ಕೆ ಹೊಂದಿಕೆಯಾಗುವುದಿಲ್ಲ’ ಎಂದು ಕೈಚೆಲ್ಲುತ್ತದೆ. ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ‘ಹಳೇ ಮಾಡೆಲ್ ಸಾರ್, ಇನ್ನು ಅಷ್ಟೇ’ ಎಂಬ ಉತ್ತರ ಸಿಗುತ್ತದೆ. ಅದು ನಿಜವೇ ಇರಬಹುದು, ಆದರೆ ಅದರಿಂದ ದೋಷ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಫೋನಿನೊಳಗೆ ಬೇರೆ ಬೇರೆ ವಯಸ್ಸಿನ ಹಲವು ಭಾಗಗಳು ಒಂದರ ಮೇಲೊಂದು ಕೂತಿವೆ. ಅವುಗಳಲ್ಲಿ ಯಾವುದು ಹಳೆಯದಾದದ್ದರಿಂದ ಈ ತೊಂದರೆ ಬಂದಿದೆ ಎಂದು ಗೊತ್ತಾದರೆ, ಕೆಲವನ್ನು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು, ಕೆಲವಕ್ಕೆ ಬೇರೆ ದಾರಿ ಹುಡುಕಬಹುದು, ಉಳಿದವನ್ನು ಇನ್ನು ಪ್ರಯತ್ನಿಸುವುದು ವ್ಯರ್ಥ ಎಂದಾದರೂ ಖಚಿತವಾಗಿ ತಿಳಿಯುತ್ತದೆ.

ಮೊದಲು ಮಾಡಬಾರದ ಕೆಲಸ

ಏನೇ ತೊಂದರೆ ಬಂದರೂ ‘ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ’ ಎಂಬ ಸಲಹೆ ನಮ್ಮಲ್ಲಿ ಬಹಳ ಸುಲಭವಾಗಿ ಸಿಗುತ್ತದೆ. ಅಪ್‌ಡೇಟ್ ಬರುತ್ತಿರುವ ಫೋನಿನಲ್ಲಿ ಅದರಿಂದ ದೊಡ್ಡ ನಷ್ಟವಿಲ್ಲ. ಅಪ್‌ಡೇಟ್ ನಿಂತ ಫೋನಿನಲ್ಲಿ ಮಾತ್ರ ಇದು ಕೊನೆಯ ಕ್ರಮವಾಗಬೇಕೇ ಹೊರತು ಮೊದಲನೆಯದಲ್ಲ. ರೀಸೆಟ್ ಮಾಡಿದಾಗ ಕ್ರೋಮ್ ಬ್ರೌಸರ್, ಲಾಗಿನ್ ಮತ್ತು ಅಧಿಸೂಚನೆಗಳಿಗೆ ಆಧಾರವಾದ ಪ್ಲೇ ಸರ್ವೀಸಸ್, ಆ್ಯಪ್‌ಗಳೊಳಗೆ ಪುಟಗಳನ್ನು ತೋರಿಸುವ ವೆಬ್‌ವ್ಯೂ ಮುಂತಾದವು ಇಷ್ಟು ವರ್ಷ ಪ್ಲೇ ಸ್ಟೋರ್ ಮೂಲಕ ಪಡೆದುಕೊಂಡಿದ್ದ ಅಪ್‌ಡೇಟ್‌ಗಳೆಲ್ಲ ಅಳಿದು, ತಯಾರಕರ ಕೊನೆಯ ಅಪ್‌ಡೇಟ್‌ನ ಜೊತೆ ಬಂದಿದ್ದ ಆವೃತ್ತಿಗಳು ಮರಳಿ ಬರುತ್ತವೆ. ಆ ಹಳೆಯ ಆವೃತ್ತಿಗಳಿಂದ ಗೂಗಲ್ ಖಾತೆಗೆ ಲಾಗಿನ್ ಆಗಲು ಸಾಧ್ಯವಾಗದೇ ಹೋದರೆ ಪ್ಲೇ ಸ್ಟೋರ್ ತೆರೆಯುವುದಿಲ್ಲ, ಪ್ಲೇ ಸ್ಟೋರ್ ತೆರೆಯದಿದ್ದರೆ ಅವು ಅಪ್‌ಡೇಟ್ ಆಗುವುದಿಲ್ಲ. ಅಲ್ಲದೆ ಫೋನಿನಲ್ಲಿ ಹೇಗೋ ಕೆಲಸ ಮಾಡಿಕೊಂಡಿದ್ದ ಹಳೆಯ ಆ್ಯಪ್‌ಗಳು ಇಂದು ಪ್ಲೇ ಸ್ಟೋರ್‌ನಲ್ಲಿ ಆ ಫೋನಿಗೆ ಸಿಗದೇ ಇರಬಹುದು. ಇದೇ ಕಾರಣಕ್ಕೆ, ಕೆಲಸ ಮಾಡುತ್ತಿರುವ ಯಾವ ಆ್ಯಪನ್ನೂ ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳೋಣ’ ಎಂದು ತೆಗೆಯಬಾರದು.

ಬರೆದಿಟ್ಟುಕೊಳ್ಳಬೇಕಾದ ವಿವರಗಳು

ಸೆಟ್ಟಿಂಗ್‌ಗಳಲ್ಲಿ ‘ಫೋನ್ ಕುರಿತು’ ಎಂಬಲ್ಲಿ ಎರಡು ಸಾಲುಗಳಿರುತ್ತವೆ: ಆಂಡ್ರಾಯ್ಡ್ ಆವೃತ್ತಿ ಮತ್ತು ಭದ್ರತಾ ಪ್ಯಾಚ್ ಮಟ್ಟ. ಇವೆರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಆವೃತ್ತಿಯನ್ನು ಬರೆಯುವಾಗ ಚುಕ್ಕಿಯ ನಂತರದ ಅಂಕಿಗಳನ್ನೂ ಬಿಡಬಾರದು, ಏಕೆಂದರೆ 7.0 ಮತ್ತು 7.1.1ರ ನಡುವಿನ ವ್ಯತ್ಯಾಸವೇ ಕೆಳಗೆ ಒಂದು ಮುಖ್ಯ ದೋಷವನ್ನು ತೀರ್ಮಾನಿಸಲಿದೆ. ಪ್ಯಾಚ್ ಮಟ್ಟವೆನ್ನುವುದು ಒಂದು ದಿನಾಂಕ. ಆ ದಿನದವರೆಗೆ ಪತ್ತೆಯಾದ ಭದ್ರತಾ ಲೋಪಗಳಿಗೆ ತೇಪೆ ಹಾಕಲಾಗಿದೆ, ನಂತರ ಸಿಕ್ಕಿದ್ದಕ್ಕೆ ಇಲ್ಲ ಎಂದು ಅದರ ಅರ್ಥ. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ಲೋಪ ಬಯಲಾದಾಗ, ಒಂದು ಎಂಎಂಎಸ್ ಸಂದೇಶ ಕಳುಹಿಸಿಯೇ ಫೋನಿನೊಳಗೆ ನುಗ್ಗಬಹುದೆಂದು ಗೊತ್ತಾಗಿ ಗಾಬರಿಯಾದ ನಂತರವೇ ಗೂಗಲ್ ಪ್ರತಿ ತಿಂಗಳೂ ಇಂಥ ತೇಪೆಗಳನ್ನು ಬಿಡುಗಡೆ ಮಾಡುವ ಪದ್ಧತಿ ಆರಂಭವಾಯಿತು. ಈ ಸಾಲೇ ಕಾಣಿಸದಿದ್ದರೆ ಫೋನಿನ ತಂತ್ರಾಂಶ ಅದಕ್ಕಿಂತಲೂ ಹಿಂದಿನದು.

ಬಳಿಕ ಆ್ಯಪ್‌ಗಳ ಪಟ್ಟಿಯಲ್ಲಿ ಕ್ರೋಮ್, ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಮತ್ತು ಗೂಗಲ್ ಪ್ಲೇ ಸರ್ವೀಸಸ್ ಈ ಮೂರರ ಆವೃತ್ತಿ ಸಂಖ್ಯೆಗಳನ್ನು ನೋಡಿಕೊಳ್ಳಬೇಕು. ಫೋಟೋ, ಸಂಪರ್ಕಗಳ ಪಟ್ಟಿ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳ ಬ್ಯಾಕಪ್ ತೆಗೆದುಕೊಳ್ಳದೆ ಮುಂದಿನ ಯಾವ ಹೆಜ್ಜೆಗೂ ಹೋಗಬಾರದು.

ಯಾವುದು ನಿಂತಿದೆ, ಯಾವುದು ನಿಂತಿಲ್ಲ

ಫೋನಿನ ಅಡಿಪಾಯದಲ್ಲಿ ಕರ್ನಲ್ (ವ್ಯವಸ್ಥೆಯ ತಿರುಳು) ಮತ್ತು ಚಿಪ್ ತಯಾರಕರ ಡ್ರೈವರ್‌ಗಳು (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಇವೆ. ಕ್ವಾಲ್‌ಕಾಮ್ ಅಥವಾ ಮೀಡಿಯಾಟೆಕ್ ಒಂದು ಚಿಪ್‌ಗೆ ಹೊಸ ಡ್ರೈವರ್ ಕೊಡುವುದನ್ನು ನಿಲ್ಲಿಸಿದರೆ, ಫೋನು ಮಾಡಿದ ಕಂಪನಿಗೆ ಮನಸ್ಸಿದ್ದರೂ ಹೊಸ ಆಂಡ್ರಾಯ್ಡ್ ತರುವುದು ದುಬಾರಿ ಕೆಲಸವಾಗುತ್ತದೆ. ಹೆಚ್ಚಿನ ಕಂಪನಿಗಳಿಗೆ ಆ ಮನಸ್ಸೂ ಇರುವುದಿಲ್ಲ. ಆಂಡ್ರಾಯ್ಡ್ 8ರಿಂದ ಈ ಚಿಪ್ ಸಂಬಂಧಿ ಭಾಗವನ್ನು ಮೇಲಿನ ಭಾಗದಿಂದ ಬೇರ್ಪಡಿಸಿದ್ದರಿಂದ ಪರಿಸ್ಥಿತಿ ಸ್ವಲ್ಪ ಸುಧಾರಿಸಿತು. ಆಂಡ್ರಾಯ್ಡ್ 10ರಿಂದ ವ್ಯವಸ್ಥೆಯ ಕೆಲವು ತುಣುಕುಗಳನ್ನು ಗೂಗಲ್ ಪ್ಲೇ ಸ್ಟೋರ್ ಮೂಲಕವೇ ನವೀಕರಿಸುತ್ತದೆ. ಇದಕ್ಕಿಂತ ಹಿಂದಿನ ಫೋನುಗಳಲ್ಲಿ ಆ ಅನುಕೂಲಗಳಿಲ್ಲ. ಆದರೆ ಆಂಡ್ರಾಯ್ಡ್ 5 ಮತ್ತು ನಂತರದ ಎಲ್ಲ ಫೋನುಗಳಲ್ಲಿಯೂ ಬ್ರೌಸರ್, ವೆಬ್‌ವ್ಯೂ, ಪ್ಲೇ ಸರ್ವೀಸಸ್ ಮತ್ತು ಪ್ರತಿಯೊಂದು ಆ್ಯಪ್ ತಯಾರಕರನ್ನು ಕೇಳದೆಯೇ ಅಪ್‌ಡೇಟ್ ಆಗುತ್ತಿರುತ್ತವೆ ಮತ್ತು ಒಂದೊಂದೂ ತನ್ನದೇ ದಿನಾಂಕದಂದು ನಿಲ್ಲುತ್ತದೆ.

ಬಿಸ್ಕತ್ ಪೊಟ್ಟಣದ ಮೇಲೂ ‘ಇಂಥ ದಿನಾಂಕದೊಳಗೆ ಬಳಸಿ’ ಎಂದು ಅಚ್ಚು ಹಾಕುವ ಕಾಲದಲ್ಲಿ, ಹದಿನೈದು ಸಾವಿರ ರೂಪಾಯಿಯ ಫೋನಿನ ಪೆಟ್ಟಿಗೆಯ ಮೇಲೆ ಅಪ್‌ಡೇಟ್ ಎಂದಿಗೆ ನಿಲ್ಲುತ್ತದೆ ಎಂಬ ಒಂದು ಸಾಲೂ ಕಾಣುವುದಿಲ್ಲವೆನ್ನುವುದು ಬಳಕೆದಾರರ ಸಿಟ್ಟಿಗೆ ನ್ಯಾಯವಾದ ಕಾರಣವೇ ಆಗಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಮಾದರಿಯೊಂದರ ಮಾರಾಟ ಮುಗಿದ ನಂತರವೂ 5 ವರ್ಷ ಅಪ್‌ಡೇಟ್ ಕೊಡಬೇಕು. ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷಗಳ ಭರವಸೆ ಕೊಟ್ಟಿವೆ. ಅಗ್ಗದ ಫೋನು ಕೊಂಡವರಿಗೆ ಅಷ್ಟು ಉದಾರವಾದ ಭರವಸೆ ಸಿಗುವುದು ಅಪರೂಪ.

ಗಡಿಯಾರ

ಜಾಲತಾಣಗಳೆಲ್ಲ ಒಟ್ಟಿಗೇ ತೆರೆಯುವುದನ್ನು ನಿಲ್ಲಿಸಿದ್ದರೆ ಮೊದಲು ದಿನಾಂಕ ನೋಡಿ. ಹಳೆಯ ಫೋನಿನ ಬ್ಯಾಟರಿ ಪೂರ್ತಿ ಖಾಲಿಯಾಗಿ ಕೆಲವು ದಿನ ಹಾಗೆಯೇ ಬಿದ್ದಿದ್ದರೆ ಗಡಿಯಾರ 1970ಕ್ಕೋ ತಂತ್ರಾಂಶ ತಯಾರಾದ ವರ್ಷಕ್ಕೋ ಹಿಂದೆ ಹೋಗಿರುತ್ತದೆ. ಆಗ ಫೋನಿನ ಕಣ್ಣಿಗೆ ಪ್ರತಿಯೊಂದು ಜಾಲತಾಣದ ಪ್ರಮಾಣಪತ್ರವೂ ‘ಇನ್ನೂ ಜಾರಿಗೆ ಬಂದಿಲ್ಲದ’ ಪತ್ರವಾಗಿ ಕಾಣುತ್ತದೆ. ಸ್ವಯಂಚಾಲಿತ ದಿನಾಂಕವನ್ನು ಆನ್ ಮಾಡಿ, ಸಿಮ್ ಇಲ್ಲದಿದ್ದರೆ ಕೈಯಾರೆ ಸರಿಪಡಿಸಿ, ಮರುಪ್ರಾರಂಭಿಸಿದರೆ ಇದು ಮುಗಿಯಿತು.

ಕೆಲವು ಜಾಲತಾಣ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ: ಪ್ರಮಾಣಪತ್ರದ ದೋಷ

ದಿನಾಂಕ ಸರಿಯಿದ್ದು, ದೊಡ್ಡ ಜಾಲತಾಣಗಳು ತೆರೆಯುತ್ತಾ ಸಣ್ಣಪುಟ್ಟ ಸಂಸ್ಥೆಗಳ, ಶಾಲೆಗಳ, ಪತ್ರಿಕೆಗಳ ತಾಣಗಳಷ್ಟೇ ಎಚ್ಚರಿಕೆಯ ಪರದೆ ತೋರಿಸುತ್ತಿದ್ದರೆ ಅನುಮಾನ ಪ್ರಮಾಣಪತ್ರಗಳ ಕಡೆಗೆ ತಿರುಗಬೇಕು. ಸುರಕ್ಷಿತ ಜಾಲತಾಣವೊಂದು ‘ನಾನು ಇಂಥವನೇ’ ಎಂದು ತೋರಿಸುವ ಪತ್ರಕ್ಕೆ ಯಾರೋ ಒಬ್ಬರು ಸಹಿ ಹಾಕಿರುತ್ತಾರೆ, ಮತ್ತು ಆ ಸಹಿದಾರರ ಪಟ್ಟಿ ಫೋನಿನೊಳಗೆ ಮೊದಲೇ ಇರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ಇಂಥ ಪತ್ರಗಳನ್ನು ಉಚಿತವಾಗಿ ಕೊಡುವುದರಿಂದ ಅಸಂಖ್ಯ ಜಾಲತಾಣಗಳು ಅದನ್ನೇ ಅವಲಂಬಿಸಿವೆ. ಅದರ ಸ್ವಂತ ಮೂಲಪತ್ರವಾದ (ಎಂದರೆ ಸಹಿದಾರರ ಗುರುತಿನ ಪತ್ರವಾದ) ಐಎಸ್‌ಆರ್‌ಜಿ ರೂಟ್ ಎಕ್ಸ್1 ಆಂಡ್ರಾಯ್ಡ್‌ನ ಪಟ್ಟಿಯಲ್ಲಿ ಸೇರಿದ್ದು 7.1.1ರಲ್ಲಿ. ಅದಕ್ಕೂ ಹಿಂದಿನ ಫೋನುಗಳು ಬೇರೊಂದು ಸಂಸ್ಥೆಯ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಹಳೆಯ ಮೂಲಪತ್ರದ ಆಸರೆಯಿಂದ ಈ ತಾಣಗಳನ್ನು ನಂಬುತ್ತಿದ್ದವು. ಆ ಹಳೆಯ ಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮೂಲಪತ್ರಗಳ ಅವಧಿ ಮುಗಿದಿದೆಯೇ ಎಂದು ಆಂಡ್ರಾಯ್ಡ್ ಪರಿಶೀಲಿಸುವುದಿಲ್ಲವೆಂಬ ಗುಣವನ್ನು ಬಳಸಿಕೊಂಡು, ವಿಶೇಷವಾದ ಅಡ್ಡಸಹಿಯೊಂದರ (ಒಬ್ಬರ ಪತ್ರಕ್ಕೆ ಇನ್ನೊಬ್ಬ ಸಹಿದಾರರು ಹಾಕುವ ಸಹಿ) ಮೂಲಕ ಹಳೆಯ ಫೋನುಗಳನ್ನು ಇನ್ನೂ ಮೂರು ವರ್ಷ ನಡೆಸಲಾಯಿತು. ಆ ಅಡ್ಡಸಹಿಯೂ 2024ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. ‘2024ರವರೆಗೂ ಚೆನ್ನಾಗಿತ್ತು, ಆಮೇಲೆ ಏನಾಯಿತೋ ಗೊತ್ತಿಲ್ಲ’ ಎಂಬ ದೂರಿನ ಹಿಂದೆ ಈ ದಿನಾಂಕವಿರುವ ಸಾಧ್ಯತೆ ಹೆಚ್ಚು.

ಪರೀಕ್ಷಿಸುವ ವಿಧಾನ ಹೀಗಿದೆ. ಸೆಟ್ಟಿಂಗ್‌ಗಳಲ್ಲಿ ಭದ್ರತೆಯ ವಿಭಾಗಕ್ಕೆ ಹೋಗಿ, ಕೆಳಗೆ ಇರುವ ‘ವಿಶ್ವಾಸಾರ್ಹ ರುಜುವಾತುಗಳು’ ಎಂಬುದನ್ನು ತೆರೆಯಬೇಕು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಂಸ್ಥೆಗಳ ಉದ್ದನೆಯ ಪಟ್ಟಿ ಕಾಣುತ್ತದೆ, ಪ್ರತಿಯೊಂದರ ಪಕ್ಕದಲ್ಲೂ ಒಂದು ಸ್ವಿಚ್ ಇರುತ್ತದೆ. ಅದರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ನಡೆಸುವ ಇಂಟರ್ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್ (ಐಎಸ್‌ಆರ್‌ಜಿ) ಎಂಬ ಹೆಸರೂ ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಐಎಸ್‌ಆರ್‌ಜಿ ರೂಟ್ ಎಕ್ಸ್1 ಎಂಬುದೂ ಇದೆಯೇ ಎಂದು ಹುಡುಕಬೇಕು. ಇದ್ದರೆ ದೋಷ ಬೇರೆಡೆ ಇದೆ. ಇಲ್ಲದಿದ್ದರೆ, ಕೈಕೊಡುತ್ತಿರುವ ತಾಣವನ್ನು ಇನ್ನೊಂದು ಹೊಸ ಫೋನಿನಲ್ಲಿ ತೆರೆದು, ವಿಳಾಸದ ಪಕ್ಕದ ಚಿಹ್ನೆಯನ್ನು ಒತ್ತಿ, ಪ್ರಮಾಣಪತ್ರ ಕೊಟ್ಟವರು ಯಾರೆಂದು ನೋಡಬೇಕು. ಅಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂದಿದ್ದರೆ ದೋಷ ಸಿಕ್ಕಿತು.

ಪರಿಹಾರ ಆಂಡ್ರಾಯ್ಡ್‌ನ ಆವೃತ್ತಿಗೆ ತಕ್ಕಂತೆ ಬದಲಾಗುತ್ತದೆ. ಎಲ್ಲಕ್ಕಿಂತ ಸುಲಭವಾದದ್ದು ಫೈರ್‌ಫಾಕ್ಸ್ ಬ್ರೌಸರ್: ಅದು ಫೋನಿನ ಪಟ್ಟಿಯನ್ನು ನೆಚ್ಚಿಕೊಳ್ಳದೆ ತನ್ನದೇ ಪಟ್ಟಿಯನ್ನು ಹೊತ್ತು ತರುವುದರಿಂದ, ನಿಮ್ಮ ಫೋನಿಗೆ ಸಿಗುವ ಕೊನೆಯ ಆವೃತ್ತಿಯನ್ನು ಹಾಕಿಕೊಂಡರೂ ಈ ತಾಣಗಳು ತೆರೆಯುತ್ತವೆ. ಆಂಡ್ರಾಯ್ಡ್ 7ರಲ್ಲಿ ಕ್ರೋಮ್‌ನ ಕೊನೆಯ ಆವೃತ್ತಿಯಾದ 119ರಲ್ಲೂ ಸ್ವಂತ ಪಟ್ಟಿಯಿದೆ, ಆದ್ದರಿಂದ ಕ್ರೋಮನ್ನು ಅಲ್ಲಿಯವರೆಗೆ ಅಪ್‌ಡೇಟ್ ಮಾಡಿದರೆ ಸಾಕು. ಆಂಡ್ರಾಯ್ಡ್ 6ರಲ್ಲಿ ಕ್ರೋಮ್ 106ಕ್ಕೆ ನಿಂತಿದೆ ಮತ್ತು ಅದು ಫೋನಿನ ಪಟ್ಟಿಯನ್ನೇ ನಂಬುತ್ತದೆ. ಅಲ್ಲಿ ಮೂಲಪತ್ರವನ್ನು ಕೈಯಾರೆ ಸೇರಿಸಬಹುದು: ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸ್ವಂತ ಜಾಲತಾಣದಿಂದ ಐಎಸ್‌ಆರ್‌ಜಿ ರೂಟ್ ಎಕ್ಸ್1ರ ಕಡತವನ್ನು ಬೇರೊಂದು ಫೋನಿನಲ್ಲಿ ಇಳಿಸಿಕೊಂಡು ಕೇಬಲ್ ಅಥವಾ ಬ್ಲೂಟೂತ್ ಮೂಲಕ ಇಲ್ಲಿಗೆ ತಂದು, ಭದ್ರತೆಯ ವಿಭಾಗದಲ್ಲಿ ‘ಸಂಗ್ರಹಣೆಯಿಂದ ಸ್ಥಾಪಿಸಿ’ ಎಂಬುದನ್ನು ಒತ್ತಬೇಕು. ಬೇರೊಂದು ಫೋನು ಏಕೆಂದರೆ, ಆ ಸಂಸ್ಥೆಯ ತಾಣಕ್ಕೂ ಅದೇ ಪತ್ರವಿರುವುದರಿಂದ ನಿಮ್ಮ ಹಳೆಯ ಫೋನಿನಲ್ಲಿ ಅದೇ ತೆರೆಯದೇ ಹೋಗಬಹುದು. ಪರದೆಗೆ ಪಿನ್ ಇಲ್ಲದಿದ್ದರೆ ಮೊದಲು ಇಡುವಂತೆ ಫೋನು ಕೇಳುತ್ತದೆ, ಸ್ಥಾಪಿಸಿದ ನಂತರ ‘ನೆಟ್‌ವರ್ಕ್ ಅನ್ನು ಮೇಲ್ವಿಚಾರಣೆ ಮಾಡುತ್ತಿರಬಹುದು’ ಎಂಬ ಸೂಚನೆ ಬರುತ್ತದೆ. ಈ ಸಂದರ್ಭದಲ್ಲಿ ಅದು ಸಹಜ, ಹೆದರಬೇಕಿಲ್ಲ. ಆದರೆ ಸಿಕ್ಕಸಿಕ್ಕವರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರಮಾಣಪತ್ರವನ್ನು ಎಂದಿಗೂ ಸೇರಿಸಬಾರದು, ಏಕೆಂದರೆ ಅಂಥ ಪತ್ರವೊಂದರ ಒಡೆಯ ನಿಮ್ಮ ಬ್ಯಾಂಕಿನ ತಾಣದ ವೇಷವನ್ನೂ ಹಾಕಬಲ್ಲ.

ತಾಣ ಬ್ರೌಸರಿನಲ್ಲಿ ತೆರೆಯುತ್ತದೆ, ಆ್ಯಪ್‌ನಲ್ಲಿ ತೆರೆಯುವುದಿಲ್ಲ

ಮೇಲಿನ ಪರಿಹಾರ ಬ್ರೌಸರಿಗೆ ಸಾಕಾದರೂ ಆ್ಯಪ್‌ಗಳಿಗೆ ಸಾಕಾಗದಿರುವುದು ಆಂಡ್ರಾಯ್ಡ್ 7.0ರ ವಿಶೇಷ ಸಂಕಟ. 2017ರ ಜನವರಿಯಲ್ಲಿ ಭಾರತಕ್ಕೆ ಬಂದು ಆ ವರ್ಷ ಇಲ್ಲಿ ಅತಿ ಹೆಚ್ಚು ಮಾರಾಟವಾದ ಫೋನುಗಳಲ್ಲಿ ಒಂದಾದ ರೆಡ್‌ಮಿ ನೋಟ್ 4 ಅನ್ನೇ ತೆಗೆದುಕೊಳ್ಳೋಣ. ಆಂಡ್ರಾಯ್ಡ್ 6ರೊಂದಿಗೆ ಬಂದ ಇದು 7.0ಕ್ಕೆ ಏರಿ ಅಲ್ಲಿಗೇ ನಿಂತಿತು. ಆಂಡ್ರಾಯ್ಡ್ ಮೇಲೆ ತಯಾರಕರು ಹಾಕುವ ಎಂಐಯುಐ ಎಂಬ ಹೊದಿಕೆ 11ರವರೆಗೆ ಹೊಸದಾಗುತ್ತಾ ಬಂದಿದ್ದರಿಂದ ಒಳಗಿನ ಆಂಡ್ರಾಯ್ಡ್ ಹಳೆಯದೇ ಎಂಬುದು ಬಹಳ ಜನರ ಗಮನಕ್ಕೆ ಬರಲಿಲ್ಲ. ಇಂಥ ಫೋನಿನಲ್ಲಿ ಕ್ರೋಮ್ 119 ತನ್ನ ಪಟ್ಟಿಯಿಂದ ತಾಣವನ್ನು ತೆರೆಯುತ್ತದೆ, ಆದರೆ ಅದೇ ತಾಣದ ಸರ್ವರನ್ನು ಸಂಪರ್ಕಿಸುವ ಆ್ಯಪ್ ಫೋನಿನ ಪಟ್ಟಿಯನ್ನು ನೋಡಿ ಸೋಲುತ್ತದೆ. ಮೂಲಪತ್ರವನ್ನು ಕೈಯಾರೆ ಸೇರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಆಂಡ್ರಾಯ್ಡ್ 7ರಿಂದ ಮುಂದಕ್ಕೆ, ಬಳಕೆದಾರ ಸೇರಿಸಿದ ಪತ್ರಗಳನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ, 7.0ರ ಬಳಕೆದಾರನಿಗೆ ಮಾತ್ರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ ಎಂಬಂತಾಯಿತು. ಆ್ಯಪ್ ಬರೆದವರು ಮೂಲಪತ್ರವನ್ನು ಆ್ಯಪ್‌ನೊಳಗೇ ಇಟ್ಟು ಕೊಟ್ಟರೆ ಅಥವಾ ಸರ್ವರಿನ ಪ್ರಮಾಣಪತ್ರವನ್ನು ಬದಲಿಸಿದರೆ ಮಾತ್ರ ಇದು ಸರಿಹೋಗುತ್ತದೆ. ಅಲ್ಲಿಯವರೆಗೆ ಆ ಸಂಸ್ಥೆಯ ಜಾಲತಾಣವನ್ನು ಕ್ರೋಮ್‌ನಲ್ಲಿ ತೆರೆದು, ಮೆನುವಿನಿಂದ ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಒತ್ತಿ, ಆ್ಯಪ್‌ನ ಜಾಗದಲ್ಲಿ ಅದನ್ನೇ ಬಳಸುವುದು ಉತ್ತಮ.

ಬಿಳಿ ಪರದೆ, ತೆರೆದೊಡನೆ ಮುಚ್ಚಿಕೊಳ್ಳುವ ಆ್ಯಪ್: ವೆಬ್‌ವ್ಯೂ

ಅನೇಕ ಆ್ಯಪ್‌ಗಳು ತಮ್ಮ ಪುಟಗಳನ್ನು ತೋರಿಸಲು ವೆಬ್‌ವ್ಯೂ ಎಂಬ ಪುಟ್ಟ ಬ್ರೌಸರ್ ಭಾಗವನ್ನು ಬಳಸುತ್ತವೆ. ಆಂಡ್ರಾಯ್ಡ್ 5ರಿಂದ ಅದು ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುತ್ತದೆ. ಆಂಡ್ರಾಯ್ಡ್ 7, 8 ಮತ್ತು 9ರಲ್ಲಿ ಕ್ರೋಮ್ ಆ ಕೆಲಸವನ್ನು ತಾನೇ ಮಾಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ: ಜಾಗ ಉಳಿಸಲೆಂದು ಬಳಕೆದಾರರು ಕ್ರೋಮನ್ನು ‘ನಿಷ್ಕ್ರಿಯ’ ಮಾಡಿಟ್ಟಿದ್ದರೆ, ಫೋನು ತನ್ನೊಳಗಿನ ಪ್ರತ್ಯೇಕ ವೆಬ್‌ವ್ಯೂಗೆ ಮರಳುತ್ತದೆ, ಅದು ಎಂದೂ ಅಪ್‌ಡೇಟ್ ಆಗದೇ ಉಳಿದಿದ್ದರೆ ಆ್ಯಪ್‌ನ ಹೊಸ ಪುಟಗಳು ಅದಕ್ಕೆ ಅರ್ಥವಾಗುವುದಿಲ್ಲ. ಪರಿಣಾಮವಾಗಿ ಬಿಳಿ ಪರದೆ ಬರುತ್ತದೆ, ಒತ್ತಿದರೂ ಸ್ಪಂದಿಸದ ಬಟನ್ನು ಕಾಣುತ್ತದೆ. ಆದ್ದರಿಂದ ಕ್ರೋಮನ್ನು ಸಕ್ರಿಯಗೊಳಿಸಿ, ಸಿಗುವಷ್ಟು ಅಪ್‌ಡೇಟ್ ಮಾಡಿ, ಫೋನನ್ನು ಮರುಪ್ರಾರಂಭಿಸಿ, ಆ ಆ್ಯಪ್‌ನ ಕ್ಯಾಶ್ (ತಾತ್ಕಾಲಿಕ ಕಡತಗಳು) ಅಳಿಸಿ ನೋಡಬೇಕು. ‘ಡೇಟಾ ಅಳಿಸಿ’ ಎಂಬುದನ್ನು ಒತ್ತಬಾರದು. ಒತ್ತಿದರೆ ಲಾಗಿನ್ ಹೋಗುತ್ತದೆ, ಮತ್ತೆ ಲಾಗಿನ್ ಆಗಲು ಆ ಆ್ಯಪ್ ಒಪ್ಪದೇ ಇರಬಹುದು.

ಹಲವು ಆ್ಯಪ್‌ಗಳು ಒಂದೇ ದಿನ ಒಟ್ಟಿಗೇ ಕುಸಿಯಲಾರಂಭಿಸಿದರೆ ಅದಕ್ಕೆ ಫೋನಿನ ವಯಸ್ಸು ಕಾರಣವೆಂದು ತಕ್ಷಣ ತೀರ್ಮಾನಿಸಬಾರದು. 2021ರ ಮಾರ್ಚ್‌ನಲ್ಲಿ ವೆಬ್‌ವ್ಯೂನ ದೋಷಪೂರಿತ ಅಪ್‌ಡೇಟ್ ಒಂದರಿಂದ ಹೊಸ ಫೋನುಗಳಲ್ಲೂ ಆ್ಯಪ್‌ಗಳು ಕುಸಿದಿದ್ದವು. ಆಗ ಬಳಕೆದಾರರು ವೆಬ್‌ವ್ಯೂನ ಅಪ್‌ಡೇಟ್‌ಗಳನ್ನು ಅಳಿಸಿ ತಾತ್ಕಾಲಿಕವಾಗಿ ಪಾರಾದರು, ನಂತರ ಗೂಗಲ್ ಸರಿಪಡಿಸಿದ ಆವೃತ್ತಿಯನ್ನು ಕಳುಹಿಸಿತು.

ಕ್ರೋಮ್ ಸ್ವತಃ ಎಲ್ಲಿಗೆ ನಿಂತಿದೆ ಎಂದು ತಿಳಿದಿದ್ದರೆ ವ್ಯರ್ಥ ಪ್ರಯತ್ನ ತಪ್ಪುತ್ತದೆ. ಆಂಡ್ರಾಯ್ಡ್ 5ರಲ್ಲಿ 95, 6ರಲ್ಲಿ 106, 7ರಲ್ಲಿ 119, 8 ಮತ್ತು 9ರಲ್ಲಿ 138 ಕೊನೆಯ ಆವೃತ್ತಿಗಳು. ನಿಮ್ಮ ಚೀಟಿಯಲ್ಲಿ ಬರೆದ ಸಂಖ್ಯೆ ಇದಕ್ಕಿಂತ ಕಡಿಮೆಯಿದ್ದರೆ ಅಪ್‌ಡೇಟ್ ಬಾಕಿಯಿದೆ. ಇದೇ ಸಂಖ್ಯೆ ಇದ್ದರೆ ಆ ಬಾಗಿಲು ಮುಚ್ಚಿದೆ.

ಪ್ಲೇ ಸ್ಟೋರ್ ಹೇಳುವ ಮಾತುಗಳು

ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಇಳಿಯದಿದ್ದಾಗ ಅದು ತೋರಿಸುವ ಸಂದೇಶವನ್ನು ಪೂರ್ತಿ ಓದಬೇಕು, ಏಕೆಂದರೆ ಜನ ಎಲ್ಲವನ್ನೂ ‘ಡೌನ್‌ಲೋಡ್ ಆಗ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ‘ಹೊಂದಿಕೆಯಾಗುವುದಿಲ್ಲ’ ಎಂದರೆ ಆ್ಯಪ್ ಬರೆದವರು ಕನಿಷ್ಠ ಆಂಡ್ರಾಯ್ಡ್ ಆವೃತ್ತಿಯನ್ನು ಏರಿಸಿದ್ದಾರೆ, ಮತ್ತು ಹಳೆಯ ಫೋನುಗಳಿಗಾಗಿ ಹಿಂದಿನ ಆವೃತ್ತಿಯನ್ನು ಉಳಿಸಿಲ್ಲ. ಉಳಿಸಿದ್ದರೆ ಪ್ಲೇ ಸ್ಟೋರ್ ತಾನಾಗಿಯೇ ಅದನ್ನು ಕೊಡುತ್ತದೆ. ‘ಸ್ಥಳಾವಕಾಶ ಸಾಲದು’ ಎಂಬುದಕ್ಕೂ ಫೋನಿನ ವಯಸ್ಸಿಗೂ ನೇರ ಸಂಬಂಧವಿಲ್ಲ. ‘ಡೌನ್‌ಲೋಡ್ ಬಾಕಿ ಇದೆ’ ಎಂದು ಗಂಟೆಗಟ್ಟಲೆ ನಿಂತರೆ ಮೊದಲು ಬೇರೆ ಅಪ್‌ಡೇಟ್‌ಗಳು ಸಾಲಿನಲ್ಲಿ ನಿಂತಿವೆಯೇ ಎಂದು ನೋಡಿ, ನಂತರ ಪ್ಲೇ ಸ್ಟೋರ್‌ನ ಕ್ಯಾಶ್ ಅಳಿಸಬೇಕು.

ಪ್ಲೇ ಸ್ಟೋರ್ ಕೊಡದ ಆ್ಯಪನ್ನು ಎಲ್ಲಿಂದಲೋ ಎಪಿಕೆ (ಆ್ಯಪ್ ಸ್ಥಾಪಿಸುವ) ಕಡತವಾಗಿ ತಂದು ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಕ್ಯಾಲ್ಕುಲೇಟರಿಗಾದರೆ ಬೇಕಿದ್ದರೆ ಮಾಡಿಕೊಳ್ಳಿ. ಹಣ, ಇ-ಮೇಲ್, ಆಧಾರ್ ಮುಟ್ಟುವ ಯಾವ ಆ್ಯಪ್‌ಗೂ ಬೇಡ.

ಇನ್ನೂ ಹಳೆಯದಾದ ಆಂಡ್ರಾಯ್ಡ್ 4.4ರ ಫೋನುಗಳಿಗೆ ಗೂಗಲ್ 2023ರ ಆಗಸ್ಟ್‌ನಿಂದ ಪ್ಲೇ ಸರ್ವೀಸಸ್ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದೆ. ಅಧಿಸೂಚನೆಗಳು, ನಕ್ಷೆ, ಲಾಗಿನ್ ಇವೆಲ್ಲ ಅದರ ಮೇಲೆ ನಿಂತಿರುವುದರಿಂದ ಅಂಥ ಫೋನುಗಳಲ್ಲಿ ದೋಷಗಳನ್ನು ಒಂದೊಂದಾಗಿ ಹುಡುಕುವುದು ವ್ಯರ್ಥ. ಆಂಡ್ರಾಯ್ಡ್ 2.3.7 ಅಥವಾ ಅದಕ್ಕಿಂತ ಹಿಂದಿನ ಫೋನುಗಳಿಂದ 2021ರ ಸೆಪ್ಟೆಂಬರ್ 27ರ ನಂತರ ಗೂಗಲ್ ಖಾತೆಗೆ ಲಾಗಿನ್ ಆಗುವುದೇ ಸಾಧ್ಯವಿಲ್ಲ. ಪಾಸ್‌ವರ್ಡ್ ತಪ್ಪು ಎಂದು ಅದು ಹೇಳಿದರೂ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ.

ವಾಟ್ಸ್‌ಆ್ಯಪ್

2023ರ ಅಕ್ಟೋಬರ್ 24ರಿಂದ ವಾಟ್ಸ್‌ಆ್ಯಪ್‌ಗೆ ಕನಿಷ್ಠ ಆಂಡ್ರಾಯ್ಡ್ 5.0 ಬೇಕು. ಇಂಥ ಗಡಿಗಳು ಕಾಲಕಾಲಕ್ಕೆ ಮೇಲೇರುತ್ತಲೇ ಇರುತ್ತವೆ, ಮತ್ತು ಏರುವ ಮೊದಲು ಆ್ಯಪ್‌ನೊಳಗೇ ಸೂಚನೆ ಬರುತ್ತದೆ. ಆ ಸೂಚನೆಯನ್ನು ಬದಿಗೆ ಸರಿಸಿ ಮರೆಯುವುದೇ ದೊಡ್ಡ ತಪ್ಪು, ಏಕೆಂದರೆ ಅವಧಿ ಮುಗಿದ ಆವೃತ್ತಿ ತೆರೆಯುವುದಿಲ್ಲ, ತೆರೆಯದ ಆ್ಯಪ್‌ನಿಂದ ಹೊಸ ಬ್ಯಾಕಪ್ ತೆಗೆಯಲಾಗುವುದಿಲ್ಲ. ಹಾಗಾಗಿಬಿಟ್ಟಿದ್ದರೆ ಫೋನಿನ ಕಡತಗಳಲ್ಲಿ ವಾಟ್ಸ್‌ಆ್ಯಪ್ ಫೋಲ್ಡರಿನೊಳಗೆ ಡೇಟಾಬೇಸಸ್ ಎಂಬುದನ್ನು ಹುಡುಕಿ. ಆ್ಯಪ್ ಕೊನೆಯದಾಗಿ ಕೆಲಸ ಮಾಡಿದ ಏಳು ದಿನಗಳ ಸ್ಥಳೀಯ ಬ್ಯಾಕಪ್‌ಗಳು ಅಲ್ಲಿ ಉಳಿದಿರುತ್ತವೆ. ಅದನ್ನು ಪೂರ್ತಿಯಾಗಿ ಹೊಸ ಫೋನಿನ ಅದೇ ಜಾಗಕ್ಕೆ ನಕಲಿಸಿ, ಅದೇ ಸಂಖ್ಯೆಯಿಂದ ನೋಂದಾಯಿಸಿದರೆ ಸಂದೇಶಗಳು ಮರಳುತ್ತವೆ.

ಬಂಧುಗಳು ಕಳುಹಿಸಿದ ಎಮೋಜಿಯ ಜಾಗದಲ್ಲಿ ಯಾವುದೋ ಆ್ಯಪ್‌ನಲ್ಲಿ ಬರಿಯ ಚೌಕ ಕಾಣುವುದನ್ನು ವೈರಸ್ ಎಂದು ಭಾವಿಸಿ ಗಾಬರಿಯಾಗುವವರಿದ್ದಾರೆ. ಎಮೋಜಿಗಳ ಅಕ್ಷರಶೈಲಿ ಆಂಡ್ರಾಯ್ಡ್‌ನ ಭಾಗವಾಗಿ ಬರುವುದರಿಂದ, ಫೋನಿನ ಅಪ್‌ಡೇಟ್ ನಿಂತ ನಂತರ ಹುಟ್ಟಿದ ಎಮೋಜಿ ಅದಕ್ಕೆ ಗೊತ್ತಿಲ್ಲ, ಅಷ್ಟೇ.

ಅಪ್‌ಡೇಟ್‌ಗೆ ಸಂಬಂಧವೇ ಇಲ್ಲದ ದೋಷಗಳು

ಶೇಕಡಾ 30 ಚಾರ್ಜ್ ಇದ್ದಾಗಲೇ ಫೋನು ದಿಢೀರನೆ ಆಫ್ ಆದರೆ ಅದು ಬ್ಯಾಟರಿಯ ಮುಪ್ಪು. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ. ಹಿಂಬದಿಯ ಮುಚ್ಚಳ ಉಬ್ಬಿದ್ದರೆ ಮಾತ್ರ ಪರೀಕ್ಷೆ ನಿಲ್ಲಿಸಿ, ಚಾರ್ಜಿಗೆ ಹಾಕದೆ, ಒತ್ತದೆ ಅಂಗಡಿಗೆ ಕೊಡಬೇಕು. ನಿಧಾನಗತಿಗೆ ಹೆಚ್ಚಾಗಿ ತುಂಬಿದ ಸಂಗ್ರಹಣೆಯೇ ಕಾರಣ. 2014ರ ಸೆಪ್ಟೆಂಬರ್‌ನಲ್ಲಿ ಬಂದ ಮೊದಲ ಆಂಡ್ರಾಯ್ಡ್ ಒನ್ ಫೋನುಗಳಲ್ಲಿ ಇದ್ದ ಒಟ್ಟು ಸಂಗ್ರಹಣೆ 4 ಜಿಬಿ. ಅವುಗಳಿಗೆ ಮುಂದೆ ಆಂಡ್ರಾಯ್ಡ್ 6 ಬಂದರೂ ಆ್ಯಪ್ ಹಾಕಲು ಜಾಗವೇ ಉಳಿಯಲಿಲ್ಲ.

ಇಂಟರ್ನೆಟ್ ತೀರಾ ನಿಧಾನವಾಗಿದ್ದು ವೈಫೈನಲ್ಲಿ ಚೆನ್ನಾಗಿದ್ದರೆ, ಫೋನು 4ಜಿ ಬೆಂಬಲಿಸುತ್ತದೆಯೇ ಎಂದು ನೋಡಿ. ಏರ್‌ಟೆಲ್ 2019ರಲ್ಲಿ ಕೋಲ್ಕತ್ತಾದಿಂದ ಆರಂಭಿಸಿ ತನ್ನ 3ಜಿ ಸೇವೆಯನ್ನು ಮುಚ್ಚಿತು, ಹಾಗಾಗಿ ಅದರ ಜಾಲದಲ್ಲಿ 3ಜಿ ಮಾತ್ರ ಗೊತ್ತಿರುವ ಫೋನು 2ಜಿಗೆ ಇಳಿಯುತ್ತದೆ. ಜಿಯೋದಲ್ಲಿ 2ಜಿ, 3ಜಿ ಎರಡೂ ಇಲ್ಲದಿರುವುದರಿಂದ ವೋಲ್ಟಿಇ (4ಜಿ ಜಾಲದಲ್ಲೇ ಕರೆ ಮಾಡುವ ಸೌಲಭ್ಯ) ಇಲ್ಲದ ಫೋನಿನಲ್ಲಿ ಸಾಮಾನ್ಯ ಕರೆ ಆಗುವುದಿಲ್ಲ. ಇದಕ್ಕೆ ಯಾವ ತಂತ್ರಾಂಶವೂ ಮದ್ದಲ್ಲ.

ಬ್ಯಾಂಕು ಮತ್ತು ಯುಪಿಐ

ಬ್ಯಾಂಕಿನ ಆ್ಯಪ್ ‘ನಿಮ್ಮ ಸಾಧನ ಸುರಕ್ಷಿತವಲ್ಲ’ ಎಂದು ಹೇಳಿ ನಿಂತರೆ ಅದನ್ನು ದೋಷವೆಂದು ಎಣಿಸಿ ಹೇಗಾದರೂ ದಾಟಲು ಹೋಗಬಾರದು. ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ವ್ಯವಸ್ಥೆಯನ್ನು ಕೇಳಿ ಫೋನಿನ ಸ್ಥಿತಿ ತಿಳಿದುಕೊಳ್ಳುತ್ತವೆ. 2025ರ ಮೇ ತಿಂಗಳಿನಿಂದ, ಆಂಡ್ರಾಯ್ಡ್ 13 ಮತ್ತು ನಂತರದ ಫೋನುಗಳಲ್ಲಿ ಅತ್ಯುನ್ನತ ಮಟ್ಟದ ಒಪ್ಪಿಗೆ ಸಿಗಬೇಕಾದರೆ ಕಳೆದ ಒಂದು ವರ್ಷದೊಳಗಿನ ಭದ್ರತಾ ಪ್ಯಾಚ್ ಇರಲೇಬೇಕು. ಎಂದರೆ ನೋಡಲು ಹೊಸದಾಗಿರುವ ಫೋನೂ ಅಪ್‌ಡೇಟ್ ನಿಂತ ಮರುವರ್ಷವೇ ಈ ತಡೆಗೆ ಸಿಕ್ಕಬಹುದು. ನನ್ನ ಮಟ್ಟಿಗೆ, ಪ್ಯಾಚ್ ದಿನಾಂಕ ಎರಡು ವರ್ಷಕ್ಕಿಂತ ಹಿಂದಿನದಾಗಿದ್ದರೆ ಆ್ಯಪ್ ತೆರೆದರೂ ಅದರಲ್ಲಿ ಹಣದ ವ್ಯವಹಾರ ಬೇಡ.

ಹೊಸ ಫೋನು ಕೊಳ್ಳುವವರೆಗೆ ದಾರಿಯಿಲ್ಲವೆಂದೇನೂ ಅಲ್ಲ. ಬ್ಯಾಂಕಿಗೆ ನೋಂದಾಯಿಸಿದ ಸಂಖ್ಯೆಯಿಂದ *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೇ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡಬಹುದು, 5,000 ರೂಪಾಯಿವರೆಗೆ ಕಳುಹಿಸಬಹುದು. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಚಾಲನೆ ಕೊಟ್ಟ ಯುಪಿಐ 123ಪೇ ಕೀಪ್ಯಾಡ್ ಫೋನುಗಳಿಗೆಂದು ಮಾಡಿದ್ದಾದರೂ ಅಪ್‌ಡೇಟ್ ನಿಂತ ಸ್ಮಾರ್ಟ್‌ಫೋನಿಗೂ ಅಷ್ಟೇ ಅನುಕೂಲ: ಕರೆ ಮಾಡಿ, ಧ್ವನಿಯ ಸೂಚನೆಗಳನ್ನು ಅನುಸರಿಸಿ ಪಾವತಿಸಬಹುದು.

ಲೀನಿಯೇಜ್ ಓಎಸ್ ಹಾಕಬಹುದೇ

ತಯಾರಕರು ಕೈಬಿಟ್ಟ ಫೋನುಗಳಿಗೆ ಸ್ವಯಂಸೇವಕರು ಹೊಸ ಆಂಡ್ರಾಯ್ಡ್ ಸಿದ್ಧಪಡಿಸುವ ಯೋಜನೆ ಲೀನಿಯೇಜ್ ಓಎಸ್. ಇಂಥದ್ದೇ ಯೋಜನೆಯಾಗಿದ್ದ ಸಯನೋಜನ್‌ಮಾಡ್ ನಿಂತಾಗ, 2016ರ ಡಿಸೆಂಬರ್‌ನಲ್ಲಿ ಅದರ ಮುಂದುವರಿಕೆಯಾಗಿ ಇದು ಆರಂಭವಾಯಿತು. ಮೇಲೆ ಹೇಳಿದ ರೆಡ್‌ಮಿ ನೋಟ್ 4ಕ್ಕೂ ಇದರ ಆವೃತ್ತಿಗಳು ಬಂದಿವೆ, ಮತ್ತು ಪ್ರಮಾಣಪತ್ರ, ವೆಬ್‌ವ್ಯೂ, ಕನಿಷ್ಠ ಆವೃತ್ತಿ ಈ ಮೂರೂ ದೋಷಗಳು ಅದರಿಂದ ಒಂದೇ ಏಟಿಗೆ ನಿವಾರಣೆಯಾಗುತ್ತವೆ. ಆದರೆ ಇದಕ್ಕಾಗಿ ಬೂಟ್‌ಲೋಡರ್‌ನ (ಫೋನು ಆನ್ ಆಗುವಾಗ ಮೊದಲು ಓಡುವ ತಂತ್ರಾಂಶದ) ಬೀಗ ತೆಗೆಯಬೇಕು. ತೆಗೆದಾಗ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಬೀಗ ತೆಗೆದ ಫೋನನ್ನು ಹೆಚ್ಚಿನ ಬ್ಯಾಂಕ್ ಆ್ಯಪ್‌ಗಳು ಒಪ್ಪುವುದಿಲ್ಲ, ಚಿಪ್ ಸಂಬಂಧಿ ಡ್ರೈವರ್‌ಗಳು ಹಳೆಯವೇ ಉಳಿಯುತ್ತವೆ. ಕಂಪ್ಯೂಟರಿನಲ್ಲಿ ಆದೇಶಗಳನ್ನು ಟೈಪ್ ಮಾಡಿ ರೂಢಿಯಿರುವವರು, ಎರಡನೆಯ ಫೋನು ಇಟ್ಟುಕೊಂಡವರು ಇದನ್ನು ಮಾಡಬಹುದು. ಇರುವ ಒಂದೇ ಫೋನಿನ ಮೇಲೆ ಈ ಪ್ರಯೋಗ ಬೇಡ.

ಉಳಿದ ಬಳಕೆ

ಹಣಕ್ಕೂ ಇ-ಮೇಲ್‌ಗೂ ಬಳಸದ ಫೋನು ಹಾಡು ಕೇಳಲು, ವೈಫೈನಲ್ಲಿ ವಿಡಿಯೊ ನೋಡಲು, ಕರೆಗೆ, ಅಲಾರಂಗೆ ಇನ್ನೂ ಹಲವು ವರ್ಷ ಬರುತ್ತದೆ. ಪ್ಯಾಚ್ ದಿನಾಂಕ 2017ರ ಸೆಪ್ಟೆಂಬರ್‌ಗಿಂತ ಹಿಂದಿನದಾಗಿದ್ದರೆ ಅಗತ್ಯವಿಲ್ಲದಾಗ ಬ್ಲೂಟೂತ್ ಆಫ್ ಇಡಬೇಕು, ಏಕೆಂದರೆ ಜೋಡಣೆಗೆ ಒಪ್ಪಿಗೆಯನ್ನೇ ಕೇಳದೆ ಬ್ಲೂಟೂತ್ ಮೂಲಕ ಒಳನುಗ್ಗಬಹುದಾದ ಬ್ಲೂಬೋರ್ನ್ ಲೋಪಕ್ಕೆ ತೇಪೆ ಬಂದದ್ದು ಆ ತಿಂಗಳಲ್ಲಿ. ಎಂಎಂಎಸ್ ತಾನಾಗಿ ಇಳಿಯುವುದನ್ನು ಸಂದೇಶಗಳ ಸೆಟ್ಟಿಂಗ್‌ನಲ್ಲಿ ನಿಲ್ಲಿಸಬೇಕು, ಮುಖ್ಯ ಗೂಗಲ್ ಖಾತೆಯ ಬದಲು ಬೇರೊಂದು ಖಾತೆ ಹಾಕಬೇಕು. ಫೋನನ್ನು ಯಾರಿಗಾದರೂ ಕೊಡುವುದಾದರೆ ಖಾತೆಯನ್ನು ಸೆಟ್ಟಿಂಗ್‌ನಿಂದ ತೆಗೆದು, ಆನಂತರವೇ ರೀಸೆಟ್ ಮಾಡಬೇಕು. ಆಂಡ್ರಾಯ್ಡ್ 5.1ರಿಂದ ಇರುವ ರಕ್ಷಣೆಯ ಕಾರಣ, ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದ ಫೋನು, ಕೊಂಡವರ ಕೈಯಲ್ಲಿ ಆನ್ ಆದೊಡನೆ ಹಿಂದಿನ ಮಾಲೀಕರ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತದೆ.